ಮಲೆನಾಡಿನ ಮನೆಗೊಂದು ಮೀಡಿಯಾ ಸರ್ವರ್: ಏನು ಸಿಗುತ್ತೆ, ಏನು ಕೊಡಬೇಕು

ಮೂಡಿಗೆರೆ, ಕೊಪ್ಪ, ಸಕಲೇಶಪುರದ ಕಡೆ ಎಷ್ಟೋ ಮನೆಗಳ ಅಟ್ಟದ ಮೇಲೋ ಬೀರುವಿನಲ್ಲೋ ಒಂದು ರಟ್ಟಿನ ಪೆಟ್ಟಿಗೆ ಇರುತ್ತದೆ. ಮದುವೆ ಕ್ಯಾಸೆಟ್, ಗೃಹಪ್ರವೇಶದ ಡಿವಿಡಿ, ಊರಿಗೆ ಬಂದಿದ್ದ ಯಕ್ಷಗಾನ ಮೇಳದ ಆಟದ ಆಡಿಯೋ, ಮಕ್ಕಳ ನಾಮಕರಣದ ಸಿಡಿ. ಇದರ ಜೊತೆಗೆ ಈಗ ಮನೆಯವರೆಲ್ಲರ ಫೋನಿನಲ್ಲಿ ತುಂಬಿರುವ ಫೋಟೋ, ವಿಡಿಯೋ. ಗೂಗಲ್ ಫೋಟೋಸ್‌ನಲ್ಲಿ ಎಷ್ಟು ಬೇಕಾದರೂ ಪುಕ್ಕಟೆ ಇಡುವ ಅವಕಾಶ 2021ರ ಜೂನ್ 1ಕ್ಕೆ ನಿಂತಿತು. ಈಗ 15 ಜಿಬಿ ತುಂಬಿದ ಮೇಲೆ ದುಡ್ಡು ಕಟ್ಟಬೇಕು.

ಇದನ್ನೆಲ್ಲ ಮನೆಯಲ್ಲೇ ಒಂದು ಕಂಪ್ಯೂಟರಿಗೆ ಹಾಕಿ, ಹಾಲ್‌ನ ಟಿವಿ, ಅಪ್ಪನ ಫೋನು, ಮಕ್ಕಳ ಟ್ಯಾಬ್ ಎಲ್ಲದರಲ್ಲೂ ನೋಡುವ ಹಾಗೆ ಮಾಡಿಕೊಂಡರೆ ಅದೇ ಮೀಡಿಯಾ ಸರ್ವರ್. ಸಾಫ್ಟ್‌ವೇರ್ ಹಾಕೋದು ಒಂದು ಸಂಜೆಯ ಕೆಲಸ. ನಮ್ಮ ಕಡೆ ಕಷ್ಟ ಕೊಡೋದು ಬೇರೆ: ಹೋಗಿ ಬರುವ ಕರೆಂಟು, ಮಳೆಗಾಲದ ಥಂಡಿ, ಸಿಡಿಲು. ಆಮೇಲೆ, ನೀವು ಊರಲ್ಲಿ ಇಲ್ಲದಾಗ ಅದನ್ನು ನೋಡಿಕೊಳ್ಳೋರು ಯಾರು ಅನ್ನೋದು.

ನನ್ನ ಲೆಕ್ಕ ಮೊದಲೇ ಹೇಳಿಬಿಡುತ್ತೇನೆ. ಸರ್ವರ್ ಒಂದಲ್ಲ ಒಂದು ದಿನ ಕೆಡುತ್ತದೆ. ಕೆಟ್ಟ ದಿನವೂ ಅಮ್ಮನಿಗೆ ತನ್ನ ಮದುವೆ ವಿಡಿಯೋ ನೋಡಲು ಆಗಬೇಕು. ಮುಂದೆ ಹೇಳಿರುವ ಒಂದೊಂದು ಹೆಜ್ಜೆಯೂ ಇದನ್ನು ಮನಸ್ಸಿನಲ್ಲಿಟ್ಟುಕೊಂಡೇ ಬರೆದದ್ದು.

ಇನ್ನೊಂದು ಮಾತು. ಮನೆಯಲ್ಲಿ ಇರೋದು ಒಂದೇ ಟಿವಿ, ನೋಡೋರು ಇಬ್ಬರು ಅಂದರೆ ಸರ್ವರ್ ಬೇಡವೇ ಬೇಡ. ಒಂದು ಹಾರ್ಡ್ ಡಿಸ್ಕ್ ತಂದು ಟಿವಿಯ ಯುಎಸ್‌ಬಿ ಕಿಂಡಿಗೆ ಹಾಕಿ. ಮೊದಲ ಎರಡು ಹೆಜ್ಜೆ ಮತ್ತು ಫೈಲಿನ ಹೆಸರಿನ ಭಾಗ ಓದಿದರೆ ನಿಮಗೆ ಸಾಕು.

ಹೆಜ್ಜೆ 1: ಕಂಪ್ಯೂಟರಿಗಿಂತ ಮೊದಲು ಎರಡು ಡಿಸ್ಕ್

ಹೆಚ್ಚಿನವರು ಮೊದಲು ಒಳ್ಳೆ ಕಂಪ್ಯೂಟರ್ ಹುಡುಕುತ್ತಾರೆ, ಉಳಿದ ದುಡ್ಡಿಗೆ ಒಂದು ಡಿಸ್ಕ್ ತರುತ್ತಾರೆ. ಇದು ತಿರುವುಮುರುವು ಆಗಬೇಕು. ಒಂದೇ ಅಳತೆಯ ಎರಡು ಡಿಸ್ಕ್ ತನ್ನಿ. ಒಂದು ಸರ್ವರಿಗೆ, ಇನ್ನೊಂದು ಪ್ರತಿ ಇಟ್ಟುಕೊಳ್ಳೋಕೆ. ಎರಡನೇ ಡಿಸ್ಕಿಗೆ ದುಡ್ಡು ಸಾಲದಿದ್ದರೆ ಸರ್ವರ್ ಕೆಲಸವನ್ನೇ ಮುಂದಿನ ಕೊಯ್ಲಿನವರೆಗೆ ಮುಂದೂಡಿ ಅಂತಲೇ ನನ್ನ ಸಲಹೆ.

ಎಷ್ಟು ದೊಡ್ಡದು ಬೇಕು? ಒಂದು ಸಾಮಾನ್ಯ ಡಿವಿಡಿಯಲ್ಲಿ ಹಿಡಿಸುವುದು 4.7 ಜಿಬಿ. ಹಾಗಾಗಿ 20 ಡಿವಿಡಿ ಇದ್ದರೂ 94 ಜಿಬಿ ದಾಟುವುದಿಲ್ಲ. ಹಳೆಯ ವಿಎಚ್‌ಎಸ್ ಕ್ಯಾಸೆಟ್ಟನ್ನು ಒಳ್ಳೆ ಗುಣಮಟ್ಟದಲ್ಲಿ ಇಳಿಸಿದರೂ ಗಂಟೆಗೆ 2 ಜಿಬಿ ಆಸುಪಾಸು ಸಾಕು. ಸಣ್ಣ ಮಿನಿ ಡಿವಿ ಕ್ಯಾಸೆಟ್ ಇದ್ದರೆ ಅದನ್ನು ಇದ್ದ ಹಾಗೆಯೇ ಇಳಿಸಲು ಗಂಟೆಗೆ 13 ಜಿಬಿ ಬೇಕು. ನಿಜವಾಗಿ ಜಾಗ ತಿನ್ನೋದು ಈಗಿನ ಫೋನಿನ 4ಕೆ ವಿಡಿಯೋ, ಗಂಟೆಗೆ 10 ಜಿಬಿಗೂ ಮೇಲೆ ಹೋಗುತ್ತದೆ. ಹೆಚ್ಚಿನ ಮನೆಗಳಿಗೆ 2 ಟಿಬಿ ಸಾಕು. ಮನೆಯಲ್ಲಿ ಮೂರು ನಾಲ್ಕು ಫೋನ್ ಇದ್ದು ಎಲ್ಲರೂ ವಿಡಿಯೋ ತೆಗೆಯೋರಾದರೆ 4 ಟಿಬಿ ತಗೊಳ್ಳಿ.

ಡಿಸ್ಕ್ ಎರಡು ಅಳತೆಯಲ್ಲಿ ಬರುತ್ತದೆ. ಅಂಗೈಯಷ್ಟಿರುವ 2.5 ಇಂಚಿನದು ಯುಎಸ್‌ಬಿ ತಂತಿಯಿಂದಲೇ ಕರೆಂಟು ತಗೊಳ್ಳುತ್ತದೆ. ಇಟ್ಟಿಗೆಯ ಹಾಗಿರುವ 3.5 ಇಂಚಿನದಕ್ಕೆ ಬೇರೆ ಅಡಾಪ್ಟರ್ ಬೇಕು. ದೊಡ್ಡದು ಟಿಬಿ ಲೆಕ್ಕದಲ್ಲಿ ಅಗ್ಗ. ಆದರೂ ನಮ್ಮ ಕಡೆಗೆ ಸಣ್ಣದೇ ಲೇಸು. ಕಾರಣ ಮೂರನೇ ಹೆಜ್ಜೆಯಲ್ಲಿದೆ.

ಎರಡು ಡಿಸ್ಕನ್ನು ಬೇರೆ ಬೇರೆ ರೀತಿ ಫಾರ್ಮ್ಯಾಟ್ ಮಾಡಿ, ಅಂದರೆ ಒಳಗೆ ಫೈಲ್ ಜೋಡಿಸಿಡುವ ಪದ್ಧತಿ ಬೇರೆ ಬೇರೆ ಇರಲಿ. ಅಂಗಡಿಯಿಂದ ಬರೋ ಡಿಸ್ಕ್ ಸಾಮಾನ್ಯವಾಗಿ ಎಕ್ಸ್‌ಫ್ಯಾಟ್ ಅಥವಾ ಎನ್‌ಟಿಎಫ್‌ಎಸ್‌ನಲ್ಲಿ ಇರುತ್ತದೆ. ಎಕ್ಸ್‌ಫ್ಯಾಟ್‌ಗೆ ಜರ್ನಲ್ ಇಲ್ಲ. ಅಂದರೆ ಏನೋ ಬರೆಯುತ್ತಿರುವಾಗ ಕರೆಂಟು ಹೋದರೆ ಎಲ್ಲಿಗೆ ನಿಂತಿತ್ತು ಅನ್ನೋ ಗುರುತು ಅದರ ಹತ್ತಿರ ಇರುವುದಿಲ್ಲ, ಫೋಲ್ಡರುಗಳೇ ಹಾಳಾಗಬಹುದು. ವಿಂಡೋಸ್ ಬದಲಿಗೆ ಹಾಕಿಕೊಳ್ಳಬಹುದಾದ ಪುಕ್ಕಟೆ ಲಿನಕ್ಸಿನ ಪದ್ಧತಿ ಇಎಕ್ಸ್‌ಟಿ4, ಅದಕ್ಕೆ ಜರ್ನಲ್ ಇದೆ, ಹಾಗಾಗಿ ಸರ್ವರಿನ ಡಿಸ್ಕಿಗೆ ಅದು. ಆದರೆ ಟಿವಿಗಳು ಸಾಮಾನ್ಯವಾಗಿ ಇಎಕ್ಸ್‌ಟಿ4 ಓದುವುದಿಲ್ಲ. ಹಾಗಾಗಿ ಪ್ರತಿ ಇಡುವ ಡಿಸ್ಕನ್ನು ಎಕ್ಸ್‌ಫ್ಯಾಟ್ ಅಥವಾ ಎನ್‌ಟಿಎಫ್‌ಎಸ್‌ನಲ್ಲೇ ಬಿಡಿ, ನಿಮ್ಮ ಟಿವಿ ಯಾವುದನ್ನು ಓದುತ್ತದೋ ಅದರಲ್ಲಿ. ಸರ್ವರ್ ಕೆಟ್ಟ ದಿನ ಆ ಡಿಸ್ಕ್ ನೇರ ಟಿವಿಗೆ ಹೋಗಬೇಕು.

ಹೆಜ್ಜೆ 2: ಪೆಟ್ಟಿಗೆಯಲ್ಲಿರುವುದನ್ನು ಇಳಿಸುವುದು

ಇದಕ್ಕೆ ಎಲ್ಲಕ್ಕಿಂತ ಜಾಸ್ತಿ ಸಮಯ ಬೇಕು. ತಡ ಮಾಡಬಾರದ ಕೆಲಸವೂ ಇದೇ. ಸರ್ವರ್ ಮುಂದಿನ ವರ್ಷ ಹಾಕಬಹುದು, ಕ್ಯಾಸೆಟ್ ಮುಂದಿನ ಮಳೆಗಾಲ ತಡೆಯುತ್ತದೆ ಅಂತ ಹೇಳಲು ಆಗದು.

ವಿಎಚ್‌ಎಸ್ ಕ್ಯಾಸೆಟ್ ಕೈಗೆ ತಗೊಂಡು ಕಿಟಕಿಯ ಬೆಳಕಿಗೆ ಹಿಡಿಯಿರಿ. ಮೇಲಿನ ಪಾರದರ್ಶಕ ಭಾಗದಲ್ಲಿ ಸುತ್ತಿದ ಟೇಪಿನ ಅಂಚು ಕಾಣುತ್ತದೆ. ಅದು ಕಪ್ಪಾಗಿ, ಒಂದೇ ಸಮನಾಗಿ ಇರಬೇಕು. ಬಿಳಿ ಪುಡಿ ಹಾಕಿದ ಹಾಗೆ ಚುಕ್ಕೆಯೋ, ಜೇಡರ ಬಲೆಯಂಥ ಎಳೆಯೋ ಕಂಡರೆ ಅದು ಬೂಷ್ಟು. ಅಂಥ ಕ್ಯಾಸೆಟ್ಟನ್ನು ಪ್ಲೇಯರಿಗೆ ಹಾಕಲೇಬೇಡಿ. ಬೂಷ್ಟು ಪ್ಲೇಯರಿನ ಹೆಡ್‌ಗೆ ಮೆತ್ತಿಕೊಳ್ಳುತ್ತದೆ, ಅಲ್ಲಿಂದ ಮುಂದಿನ ಕ್ಯಾಸೆಟ್ಟಿಗೂ ಹೋಗುತ್ತದೆ. ಅದನ್ನು ಬೇರೆ ಕವರಿನಲ್ಲಿ ಹಾಕಿಟ್ಟು, ಟೇಪ್ ಸ್ವಚ್ಛ ಮಾಡಿ ಇಳಿಸಿಕೊಡುವವರ ಹತ್ತಿರ ಕೊಡಿ.

ಚೆನ್ನಾಗಿರೋ ಕ್ಯಾಸೆಟ್ ಆದರೆ ಮನೆಯಲ್ಲೇ ಆಗುತ್ತದೆ. ಮೊದಲು ಒಮ್ಮೆ ಪೂರ್ತಿ ಮುಂದಕ್ಕೆ, ಪೂರ್ತಿ ಹಿಂದಕ್ಕೆ ಸುತ್ತಿಸಿ. ವರ್ಷಗಟ್ಟಲೆ ಒಂದೇ ಭಂಗಿಯಲ್ಲಿ ಇದ್ದ ಟೇಪ್ ಸಡಿಲ ಆಗುತ್ತದೆ. ಆಮೇಲೆ ಪ್ಲೇಯರಿನ ಹಳದಿ, ಕೆಂಪು, ಬಿಳಿ ಪಿನ್ನುಗಳನ್ನು ಯುಎಸ್‌ಬಿ ಕ್ಯಾಪ್ಚರ್ ಸಾಧನಕ್ಕೆ ಹಾಕಿ, ಕಂಪ್ಯೂಟರಿನಲ್ಲಿ ಓಬಿಎಸ್ ತರಹದ ಪುಕ್ಕಟೆ ತಂತ್ರಾಂಶದಿಂದ ರೆಕಾರ್ಡ್ ಮಾಡಿ. ನಮ್ಮ ದೇಶದ ಕ್ಯಾಸೆಟ್ ಪಾಲ್ ಪದ್ಧತಿಯವು, ಅಂದರೆ 720x576, ಸೆಕೆಂಡಿಗೆ 25 ಫ್ರೇಮ್. ಕ್ಯಾಪ್ಚರ್ ಸೆಟ್ಟಿಂಗ್ ಅಮೆರಿಕದ ಎನ್‌ಟಿಎಸ್‌ಸಿ ಪದ್ಧತಿಯಲ್ಲಿ ಇದ್ದರೆ ಚಿತ್ರ ಕಪ್ಪುಬಿಳುಪಾಗಿಯೋ ಉರುಳುತ್ತಲೋ ಬರುತ್ತದೆ. ಹಾಗೆ ಬಂತು ಅಂದ ತಕ್ಷಣ ಕ್ಯಾಸೆಟ್ ಹಾಳಾಗಿದೆ ಅಂತ ಬಿಡಬೇಡಿ, ಸೆಟ್ಟಿಂಗ್ ನೋಡಿ. ಧಾರೆ ಎರೆಯುವಾಗಲೋ ಆರತಿ ಎತ್ತುವಾಗಲೋ ಕೈಯ ಸುತ್ತ ಬಾಚಣಿಗೆಯ ಹಲ್ಲಿನಂಥ ಗೆರೆ ಕಂಡರೆ ಅದು ಇಂಟರ್‌ಲೇಸ್, ಒಂದೊಂದು ಫ್ರೇಮನ್ನು ಎರಡು ಭಾಗವಾಗಿ ತೋರಿಸುವ ಹಳೆ ಟಿವಿ ಪದ್ಧತಿಯ ಗುರುತು. ಹ್ಯಾಂಡ್‌ಬ್ರೇಕ್ ಎಂಬ ಪುಕ್ಕಟೆ ತಂತ್ರಾಂಶದಲ್ಲಿ ಡಿಇಂಟರ್‌ಲೇಸ್ ಆಯ್ಕೆ ಮಾಡಿದರೆ ಹೋಗುತ್ತದೆ.

ಇದಕ್ಕೆ ಅಡ್ಡದಾರಿ ಇಲ್ಲ. ಮೂರು ಗಂಟೆಯ ಕ್ಯಾಸೆಟ್ ಇಳಿಯಲು ಮೂರು ಗಂಟೆಯೇ ಬೇಕು. ಹಾಕಿಬಿಟ್ಟು ತೋಟಕ್ಕೆ ಹೋಗಿ ಬನ್ನಿ, ಆದರೆ ಬಂದ ಮೇಲೆ ಮೊದಲು, ನಡುವೆ, ಕೊನೆ ಮೂರು ಕಡೆ ತೆರೆದು ಶಬ್ದ ಸರಿಯಿದೆಯಾ ನೋಡಿ.

ಡಿವಿಡಿ ಸುಲಭ. ಸ್ಟುಡಿಯೋದವರು ಬರ್ನ್ ಮಾಡಿ ಕೊಟ್ಟ ಮದುವೆ ಡಿವಿಡಿಗೆ ಸಾಮಾನ್ಯವಾಗಿ ಯಾವ ಬೀಗವೂ ಇರುವುದಿಲ್ಲ. ಮೇಕ್‌ಎಂಕೆವಿ ಎಂಬ ತಂತ್ರಾಂಶದಲ್ಲಿ ತೆರೆದರೆ ಗುಣಮಟ್ಟ ಕಡಿಮೆಯಾಗದೆ ಎಂಕೆವಿ ಫೈಲ್ ಬರುತ್ತದೆ. ಡಿಸ್ಕ್ ಒರೆಸುವಾಗ ಮೆತ್ತನೆ ಬಟ್ಟೆಯಿಂದ ನಡುವಿನಿಂದ ಅಂಚಿನ ಕಡೆಗೆ ಒರೆಸಿ, ಗುಂಡಗೆ ತಿರುಗಿಸಬೇಡಿ. ಬರ್ನ್ ಮಾಡಿದ ಡಿವಿಡಿಯಲ್ಲಿ ದತ್ತಾಂಶ ಇರುವುದು ಒಂದು ಬಣ್ಣದ ಪದರದಲ್ಲಿ, ಅದು ಬಿಸಿಲು, ಶಾಖ, ತೇವಕ್ಕೆ ಕೆಡುತ್ತದೆ. ಅರ್ಧಕ್ಕೆ ನಿಂತರೆ ಬೇರೆ ಡ್ರೈವಿನಲ್ಲಿ ಹಾಕಿ ನೋಡಿ. ಒಂದು ಓದದ್ದನ್ನು ಇನ್ನೊಂದು ಓದುವುದುಂಟು.

ಸಿನಿಮಾ ವಿಷಯ. ಸರ್ವರ್ ಇದೆ ಅಂತ ಕದ್ದ ಸಿನಿಮಾ ತುಂಬಿಸೋದು ತಪ್ಪು. ನಮ್ಮ ಕಾನೂನಿನಲ್ಲಿ ಸಿನಿಮಾದ ಹಕ್ಕುಸ್ವಾಮ್ಯ ಅದು ಬಿಡುಗಡೆಯಾದ ಮರುವರ್ಷದ ಮೊದಲ ದಿನದಿಂದ 60 ವರ್ಷ. ಅದಕ್ಕಿಂತ ಹಳೆಯ ಕಪ್ಪುಬಿಳುಪು ಚಿತ್ರಗಳನ್ನು ಧೈರ್ಯವಾಗಿ ಇಟ್ಟುಕೊಳ್ಳಬಹುದು.

ಹೆಜ್ಜೆ 3: ಯಾವ ಯಂತ್ರ, ಎಷ್ಟು ಯೂನಿಟ್

ಸರ್ವರ್ ಹಗಲು ರಾತ್ರಿ ಆನ್ ಇರುತ್ತದೆ. ಹಾಗಾಗಿ ಯಂತ್ರದ ಬೆಲೆಗಿಂತ ಅದು ತಿನ್ನುವ ಕರೆಂಟು ಮುಖ್ಯ. ಲೆಕ್ಕ ಸುಲಭ: 10 ವಾಟ್ ತಿಂಗಳಿಗೆ 7.2 ಯೂನಿಟ್. ಮೂಲೆಯಲ್ಲಿ ಬಿದ್ದಿರುವ ಹಳೆ ಡೆಸ್ಕ್‌ಟಾಪ್ ಸುಮ್ನೆ ಕೂತಾಗ 60 ವಾಟ್ ತಿಂದರೆ ತಿಂಗಳಿಗೆ 43 ಯೂನಿಟ್. ಹಳೆ ಲ್ಯಾಪ್‌ಟಾಪ್ ಪರದೆ ಆಫ್ ಆಗಿದ್ದಾಗ ಸುಮಾರು 10ರಿಂದ 15 ವಾಟ್, ಅಂದರೆ 7ರಿಂದ 11 ಯೂನಿಟ್.

ಈ ವ್ಯತ್ಯಾಸ ಬಿಲ್ಲಿನಲ್ಲಿ ಕಾಣುತ್ತದೆ. ಚಿಕ್ಕಮಗಳೂರಿಗೆ ಮೆಸ್ಕಾಂ, ಹಾಸನಕ್ಕೆ ಚೆಸ್ಕಾಂ. ಎರಡೂ ಕಡೆ ಗೃಹಜ್ಯೋತಿಯ ನಿಯಮ ಒಂದೇ. ನಿಮ್ಮ ಹಳೆಯ ಸರಾಸರಿ ಬಳಕೆಯ ಮೇಲೆ ನಿಮಗೊಂದು ಮಿತಿ ಕೊಟ್ಟಿರುತ್ತಾರೆ. ಅದರ ಮೇಲೆ ಬಳಸಿದಷ್ಟಕ್ಕೆ ದುಡ್ಡು ಕಟ್ಟಬೇಕು, 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ನಿಮ್ಮದೇ. ಈಗಾಗಲೇ 170 ಯೂನಿಟ್ ಬಳಸುವ ಮನೆಗೆ ಹಳೆ ಡೆಸ್ಕ್‌ಟಾಪ್ ತಂದಿಟ್ಟರೆ ಆ ತಿಂಗಳೇ 200 ದಾಟುತ್ತದೆ. ಪುಕ್ಕಟೆ ಸಿಕ್ಕ ಕಂಪ್ಯೂಟರ್ ಪುಕ್ಕಟೆ ಅಲ್ಲ. ಯಂತ್ರ ಆರಿಸುವ ಮುಂಚೆ ಹಿಂದಿನ ಆರು ತಿಂಗಳ ಬಿಲ್ ತೆಗೆದು ನೋಡಿ.

ನನ್ನ ಆಯ್ಕೆ ಹಳೆ ಲ್ಯಾಪ್‌ಟಾಪ್. ಕರೆಂಟು ಕಡಿಮೆ, ಜೊತೆಗೆ ಅದರ ಬ್ಯಾಟರಿಯೇ ಯುಪಿಎಸ್. ಡಿಸ್ಕ್ 2.5 ಇಂಚಿನದು ಇರಲಿ ಅಂದದ್ದು ಇದಕ್ಕೇ. ಕರೆಂಟು ಹೋದಾಗ ಅದು ಲ್ಯಾಪ್‌ಟಾಪ್ ಬ್ಯಾಟರಿಯಿಂದಲೇ ನಡೆಯುತ್ತದೆ. ಅಡಾಪ್ಟರ್ ಇರುವ ದೊಡ್ಡ ಡಿಸ್ಕ್ ಆದರೆ ಲ್ಯಾಪ್‌ಟಾಪ್ ಓಡುತ್ತಿರುವಾಗಲೇ ಡಿಸ್ಕ್ ಥಟ್ಟನೆ ನಿಲ್ಲುತ್ತದೆ. ಡಿಸ್ಕಿಗೆ ಅದಕ್ಕಿಂತ ಕೆಟ್ಟದ್ದು ಇಲ್ಲ.

ಲ್ಯಾಪ್‌ಟಾಪಿಗೂ ಎರಡು ಎಚ್ಚರಿಕೆ ಬೇಕು. ಸದಾ ಚಾರ್ಜಿಗೆ ಹಾಕಿಟ್ಟ ಬ್ಯಾಟರಿ ಊದಿಕೊಳ್ಳಬಹುದು. ಚಾರ್ಜ್ ಮಿತಿ ಹಾಕುವ ಸೌಲಭ್ಯ ಇದ್ದರೆ 60 ಅಥವಾ 80 ಶೇಕಡಾಕ್ಕೆ ನಿಲ್ಲಿಸಿ. ಕೆಳಭಾಗ ಉಬ್ಬಿದ ಹಾಗೆ, ಮೌಸ್‌ಪ್ಯಾಡ್ ಎದ್ದ ಹಾಗೆ ಕಂಡರೆ ಅದೇ ದಿನ ಆಫ್ ಮಾಡಿ ಬ್ಯಾಟರಿ ತೆಗೆಸಿ. ಇನ್ನೊಂದು, ಮುಚ್ಚಳ ಮುಚ್ಚಿದರೆ ನಿದ್ದೆ ಹೋಗದ ಹಾಗೆ ಸೆಟ್ಟಿಂಗ್ ಬದಲಿಸಿ.

ಹೊಸದೇ ಬೇಕು ಅಂದರೆ ಇಂಟೆಲ್ ಎನ್100 ಪ್ರೊಸೆಸರಿನ ಮಿನಿ ಪಿಸಿ ಚೆನ್ನಾಗಿದೆ. ಕರೆಂಟು ತೀರಾ ಕಡಿಮೆ, ವಿಡಿಯೋ ಪರಿವರ್ತನೆಗೆ ಬೇಕಾದ ಕ್ವಿಕ್‌ಸಿಂಕ್ ಅದರಲ್ಲೇ ಇದೆ. ಅಂಗೈಯಗಲದ ಬೋರ್ಡಿನ ಕಂಪ್ಯೂಟರ್ ರಾಸ್ಪ್‌ಬೆರಿ ಪೈ ಈ ಕೆಲಸಕ್ಕೆ ಬೇಡ. ಪೈ 5ರಲ್ಲಿ ವಿಡಿಯೋ ಎನ್‌ಕೋಡ್ ಮಾಡುವ ಹಾರ್ಡ್‌ವೇರೇ ಇಲ್ಲ.

ಹೆಜ್ಜೆ 4: ಸಿಡಿಲು, ಕರೆಂಟು, ಥಂಡಿ

ಯಾವ ಊರಿನವರೋ ಬರೆದ ಮಾರ್ಗದರ್ಶಿ ಓದಿ ನಮ್ಮಲ್ಲಿ ಸರ್ವರ್ ಇಟ್ಟರೆ ಸೋಲೋದು ಇಲ್ಲಿಯೇ.

ಸಿಡಿಲಿನ ಕಾಲ ಮಾರ್ಚ್ ಕೊನೆಯಿಂದ ಮೇವರೆಗೆ, ಕಾಫಿ ಹೂ ಅರಳಿಸುವ ಹೂಮಳೆ ಶುರುವಾದಾಗಿನಿಂದ. ಸರ್ಜ್ ಪ್ರೊಟೆಕ್ಟರ್ ಹಾಕಿದ್ದೇನಲ್ಲ ಅಂತ ನಿಶ್ಚಿಂತೆಯಿಂದ ಇರಬೇಡಿ. ಅದು ಹೆಚ್ಚಿನ ವೋಲ್ಟೇಜನ್ನು ಅರ್ಥಿಂಗಿಗೆ ಹರಿಸಿ ಕೆಲಸ ಮಾಡುತ್ತದೆ. ಅರ್ಥಿಂಗ್ ಸರಿ ಇಲ್ಲದಿದ್ದರೆ ಅದು ಬರೀ ಎಕ್ಸ್‌ಟೆನ್ಶನ್ ಬೋರ್ಡು. ನಮ್ಮ ಕಡೆಯ ತೊಂದರೆ ಏನೆಂದರೆ ಸಿಡಿಲು ಜಾಸ್ತಿ ಇರುವ ಆ ತಿಂಗಳುಗಳಲ್ಲೇ ಅರ್ಥಿಂಗ್ ಗುಂಡಿ ಬೇಸಿಗೆಗೆ ಒಣಗಿರುತ್ತದೆ. ಫೆಬ್ರವರಿಯಿಂದಲೇ ವಾರಕ್ಕೊಮ್ಮೆ ಒಂದು ಬಕೆಟ್ ನೀರು ಹಾಕಿ. ತಂತಿಯ ಬುಡದಲ್ಲಿ ಹಸಿರು ಪಾಚಿಯಂಥ ತುಕ್ಕು ಹಿಡಿದಿದ್ದರೆ ಎಲೆಕ್ಟ್ರಿಷಿಯನ್ ಕರೆಸಿ ಹೊಸದಾಗಿ ಕಟ್ಟಿಸಿ.

ಸಿಡಿಲು ಬರುವ ದಾರಿ ಪ್ಲಗ್ ಒಂದೇ ಅಲ್ಲ. ತಾರಸಿಯ ಮೇಲಿನ ಡಿಶ್‌ನಿಂದ ಇಳಿಯುವ ಕೇಬಲ್, ಸೆಟ್ ಟಾಪ್ ಬಾಕ್ಸು, ಅಲ್ಲಿಂದ ಎಚ್‌ಡಿಎಂಐ ಮೂಲಕ ಟಿವಿ, ಟಿವಿಯಿಂದ ನೆಟ್‌ವರ್ಕ್ ತಂತಿಯಲ್ಲಿ ರೂಟರು, ರೂಟರಿನಿಂದ ಸರ್ವರು. ಹೀಗೆ ಸರಪಳಿ. ಟಿವಿಗೂ ಸರ್ವರಿಗೂ ನಡುವೆ ವೈಫೈ ಇದ್ದರೆ ಈ ಸರಪಳಿ ಅಲ್ಲಿಗೆ ತುಂಡಾಗುತ್ತದೆ. ತಂತಿಯಲ್ಲಿ ವೇಗ ಜಾಸ್ತಿ ನಿಜ, ಆದರೆ ಮನೆಯ ವಿಡಿಯೋಗೆ 5 ಗಿಗಾಹರ್ಟ್ಸ್ ವೈಫೈ ಧಾರಾಳ ಸಾಕು. ಬೇರೆ ಊರಲ್ಲಾದರೆ ತಂತಿ ಹಾಕಿ ಅಂತಲೇ ಹೇಳುತ್ತಿದ್ದೆ, ಇಲ್ಲಿ ವೈಫೈ ಅಂತೀನಿ. ಫೈಬರ್ ಗಾಜಿನದು, ಅದರಲ್ಲಿ ಕರೆಂಟು ಹರಿಯುವುದಿಲ್ಲ. ಆದರೆ ಹೊರಗಿನ ಫೈಬರ್ ಕೇಬಲ್‌ಗೆ ಆಧಾರವಾಗಿ ಒಂದು ಉಕ್ಕಿನ ತಂತಿ ಇರುವುದುಂಟು. ಆ ತಂತಿಯನ್ನು ಗೋಡೆಯ ಹೊರಗೇ ನಿಲ್ಲಿಸಿ, ಗಾಜಿನ ಎಳೆ ಮಾತ್ರ ಒಳಗೆ ಬರುವ ಹಾಗೆ ಮಾಡಿಸಿಕೊಳ್ಳಿ.

ಗುಡುಗು ಕೇಳಿದ ತಕ್ಷಣ ಪ್ಲಗ್ ಕೀಳೋದು ಎಲ್ಲಕ್ಕಿಂತ ಗಟ್ಟಿ ಉಪಾಯ. ಅದಕ್ಕೇ ಪ್ಲಗ್ ಅಮ್ಮನ ಕೈಗೂ ಎಟುಕುವ ಜಾಗದಲ್ಲಿರಲಿ. ಲ್ಯಾಪ್‌ಟಾಪ್ ಆದರೆ ಪ್ಲಗ್ ಕಿತ್ತರೂ ಸರ್ವರ್ ನಡೆಯುತ್ತಿರುತ್ತದೆ, ಏನೂ ಹಾಳಾಗುವುದಿಲ್ಲ.

ಇನ್ನು ಮನೆಯ ಯುಪಿಎಸ್. ಹಲವು ಹೋಮ್ ಇನ್ವರ್ಟರುಗಳ ಹಿಂದೆ ಒಂದು ಸಣ್ಣ ಸ್ವಿಚ್ ಇರುತ್ತದೆ, ಯುಪಿಎಸ್ ಮೋಡ್ ಮತ್ತು ನಾರ್ಮಲ್ ಮೋಡ್. ನಾರ್ಮಲ್‌ನಲ್ಲಿ ಇದ್ದರೆ ಕರೆಂಟು ಹೋದಾಗ ಬ್ಯಾಟರಿಗೆ ಬದಲಾಗಲು ಸ್ವಲ್ಪ ತಡ, ಮಿನಿ ಪಿಸಿ ಅಷ್ಟರಲ್ಲಿ ರೀಸ್ಟಾರ್ಟ್ ಆಗಬಹುದು. ಯುಪಿಎಸ್ ಮೋಡ್ ಬೇಗ ಬದಲಾಗುತ್ತದೆ. ಆದರೆ ಆ ಮೋಡ್ ಲೋ ವೋಲ್ಟೇಜ್ ಸಹಿಸುವುದಿಲ್ಲ. ಸಂಜೆ ಎಲ್ಲರ ಮನೆಯಲ್ಲೂ ಮೋಟರು, ಗೀಸರು ಹಾಕಿ ವೋಲ್ಟೇಜ್ ಇಳಿದಾಗ, ಕರೆಂಟು ಇದ್ದರೂ ಬ್ಯಾಟರಿಗೆ ಹೋಗಿಬಿಡುತ್ತದೆ. ರಾತ್ರಿ ನಿಜವಾಗಿ ಕರೆಂಟು ಹೋದಾಗ ದೀಪಕ್ಕೂ ಬ್ಯಾಟರಿ ಉಳಿದಿರುವುದಿಲ್ಲ. ವೋಲ್ಟೇಜ್ ಇಳಿಯುವ ಮನೆಯಲ್ಲಿ ಇನ್ವರ್ಟರ್ ನಾರ್ಮಲ್‌ನಲ್ಲೇ ಇರಲಿ, ಸರ್ವರಿಗೆ ಲ್ಯಾಪ್‌ಟಾಪ್ ಇರಲಿ. ರೂಟರಿಗೆ ಮತ್ತು ಫೈಬರ್ ಬಾಕ್ಸಿಗೆ 12 ವೋಲ್ಟಿನ ಸಣ್ಣ ಮಿನಿ ಯುಪಿಎಸ್ ಸಿಗುತ್ತದೆ, ಅದೊಂದು ತಗೊಳ್ಳಿ. ಮಳೆಗಾಲದಲ್ಲಿ ಮರ ಬಿದ್ದು ಫೈಬರ್ ಕಡಿದುಹೋದಾಗ ಇಂಟರ್ನೆಟ್ ಇರುವುದಿಲ್ಲ, ಓಟಿಟಿ ಏನೂ ಬರುವುದಿಲ್ಲ. ಆದರೆ ರೂಟರ್ ಜೀವಂತ ಇದ್ದರೆ ಮನೆಯ ಸರ್ವರ್ ಎಂದಿನಂತೆ ನಡೆಯುತ್ತದೆ. ಸರ್ವರ್ ಇಟ್ಟುಕೊಂಡದ್ದು ಸಾರ್ಥಕ ಅನಿಸೋದು ಜುಲೈನ ಅಂಥ ವಾರಗಳಲ್ಲೇ.

ಥಂಡಿಯ ವಿಷಯದಲ್ಲಿ ಒಂದು ಸಂಗತಿ ನೆನಪಿಡಿ. ಓಡುತ್ತಿರುವ ಯಂತ್ರ ಬೆಚ್ಚಗಿರುತ್ತದೆ, ಅದಕ್ಕೆ ತೇವದ ಭಯ ಕಡಿಮೆ. ಅಪಾಯ ಇರುವುದು ಬೀರುವಿನಲ್ಲಿ ತಣ್ಣಗೆ ಮಲಗಿರುವ, ಪ್ರತಿ ಇಟ್ಟ ಡಿಸ್ಕಿಗೆ. ಅದನ್ನು ಗಾಳಿಯಾಡದ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕಿ ಇಡಿ. ಬಣ್ಣ ಬದಲಾಗುವ ಜೆಲ್ ತಂದರೆ ಒಳ್ಳೆಯದು. ಬಣ್ಣ ತಿರುಗಿದಾಗ ಕಾಯಿಸಿ ಮತ್ತೆ ಬಳಸಬಹುದು. ಸರ್ವರನ್ನು ಕಾಫಿ, ಮೆಣಸಿನ ಚೀಲ ಇಡುವ ಕೋಣೆಯಲ್ಲಿ, ಬಚ್ಚಲುಮನೆಯ ಗೋಡೆಗೆ ತಾಗಿಸಿ ಇಡಬೇಡಿ. ಬೆಚ್ಚಗಿನ ಜಾಗ ಅಂತ ಇರುವೆ, ಹಲ್ಲಿ ಬಂದು ಸೇರಿಕೊಳ್ಳುತ್ತವೆ, ತಿಂಗಳಿಗೊಮ್ಮೆ ಗಾಳಿಕಿಂಡಿ ನೋಡಿ.

ಹೆಜ್ಜೆ 5: ಸಾಫ್ಟ್‌ವೇರ್

ಮೂರು ಹೆಸರು ಕೇಳಿರುತ್ತೀರಿ: ಪ್ಲೆಕ್ಸ್, ಎಂಬಿ (Emby), ಜೆಲ್ಲಿಫಿನ್. ಪ್ಲೆಕ್ಸ್ ನೋಡಲು ನಯವಾಗಿದೆ, ಹೆಚ್ಚಿನ ಟಿವಿಗಳಲ್ಲಿ ಆ್ಯಪ್ ಇದೆ. ಆದರೆ ಅದು ಕಂಪನಿಯದು, ನಿಮ್ಮ ಮನೆಯ ಸರ್ವರಿಗೂ ಅವರ ಖಾತೆಯ ಮೂಲಕ ಲಾಗಿನ್ ಆಗಬೇಕು. 2025ರ ಏಪ್ರಿಲ್ ಕೊನೆಯಲ್ಲಿ ಅವರು ಮನೆಯ ಹೊರಗಿನಿಂದ ನಿಮ್ಮದೇ ವಿಡಿಯೋ ನೋಡಲೂ ಶುಲ್ಕ ಇಟ್ಟರು, ಜೀವಮಾನದ ಚಂದಾ 120 ಡಾಲರಿನಿಂದ 250 ಡಾಲರಿಗೆ ಏರಿತು. ಎಂಬಿಯ ಕೋಡ್ ಮೊದಲು ಯಾರು ಬೇಕಾದರೂ ನೋಡಿ ಬಳಸುವ ಹಾಗೆ ಮುಕ್ತವಾಗಿತ್ತು, 2018ರ ಕೊನೆಯಲ್ಲಿ ಅದನ್ನು ಮುಚ್ಚಿಟ್ಟಾಗ ಅದರ ಹಳೆ ಕೋಡ್ ತಗೊಂಡು ಕೆಲವರು ಜೆಲ್ಲಿಫಿನ್ ಕಟ್ಟಿದರು. ಜೆಲ್ಲಿಫಿನ್ ಪೂರ್ತಿ ಪುಕ್ಕಟೆ, ಖಾತೆ ಬೇಡ, ಇಂಟರ್ನೆಟ್ ಇಲ್ಲದೆಯೂ ನಡೆಯುತ್ತದೆ. ಬದಲಿಗೆ ಕೆಲವು ಟಿವಿಗಳಿಗೆ ಆ್ಯಪ್ ಹಾಕೋದು ತಲೆನೋವು, ಕೆಟ್ಟರೆ ಫೋನ್ ಮಾಡಿ ಕೇಳಲು ಯಾರೂ ಇಲ್ಲ. ಇಂಟರ್ನೆಟ್ ಆಗಾಗ ಹೋಗುವ ನಮ್ಮ ಕಡೆಗೆ ನನ್ನ ಮತ ಜೆಲ್ಲಿಫಿನ್‌ಗೆ. ಟಿವಿಗೆ ಆ್ಯಪ್ ಸಿಗದಿದ್ದರೆ ಆಂಡ್ರಾಯ್ಡ್ ಟಿವಿ ಬಾಕ್ಸ್ ಅಥವಾ ಫೈರ್ ಟಿವಿ ಸ್ಟಿಕ್ ಹಾಕಿ.

ಹಳೆ ಲ್ಯಾಪ್‌ಟಾಪಿನಲ್ಲಿ ವಿಂಡೋಸ್ 10 ಇದ್ದರೆ ಅದರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಅದರ ಬದಲು ಡೆಬಿಯನ್ ಅಥವಾ ಉಬುಂಟು ಎಂಬ ಲಿನಕ್ಸ್ ಹಾಕಿಕೊಳ್ಳಿ. ಜೆಲ್ಲಿಫಿನ್ ತಾಣದಲ್ಲಿ ಕೊಟ್ಟಿರುವ ಒಂದು ಸಾಲನ್ನು ಟರ್ಮಿನಲ್‌ಗೆ, ಅಂದರೆ ಆದೇಶ ಟೈಪ್ ಮಾಡುವ ಕಿಟಕಿಗೆ ಹಾಕಿದರೆ ತಾನೇ ಸ್ಥಾಪನೆ ಆಗುತ್ತದೆ. ಡಾಕರ್ ಅಂತ ಇನ್ನೊಂದು ದಾರಿ ಇದೆ, ಮೊದಲ ಸಲಕ್ಕೆ ಅದು ಬೇಡ. ಆಮೇಲೆ ಬ್ರೌಸರಿನಲ್ಲಿ ಸರ್ವರಿನ ಐಪಿ ವಿಳಾಸ, ಅದರ ಕೊನೆಗೆ :8096 ಎಂಬ ಪೋರ್ಟ್ ಸಂಖ್ಯೆ ಹಾಕಿದರೆ ಸೆಟಪ್ ಪುಟ ತೆರೆಯುತ್ತದೆ.

ಲೈಬ್ರರಿ ಮಾಡುವಾಗ ಮನೆಯ ವಿಡಿಯೋಗಳಿಗೆ ‘ಹೋಮ್ ವಿಡಿಯೋಸ್ ಆ್ಯಂಡ್ ಫೋಟೋಸ್’ ಆಯ್ಕೆಯನ್ನೇ ಮಾಡಿ. ‘ಮೂವೀಸ್’ ಅಂತ ಕೊಟ್ಟರೆ ಅದು ನಿಮ್ಮ ಅಕ್ಕನ ಮದುವೆಗೆ ಯಾವುದೋ ಸಿನಿಮಾದ ಪೋಸ್ಟರ್ ಹುಡುಕಿ ಹಾಕುತ್ತದೆ. ಮನೆಯವರಿಗೆ ಒಬ್ಬೊಬ್ಬರಿಗೆ ಬೇರೆ ಬೇರೆ ಹೆಸರು ಮಾಡಿಕೊಡಿ. ಅಜ್ಜಿಯ ಹೆಸರಿಗೆ ಪಾಸ್‌ವರ್ಡ್ ಬೇಡ, ಅಳಿಸುವ ಅಧಿಕಾರವನ್ನು ನಿಮ್ಮೊಬ್ಬರಿಗೆ ಮಾತ್ರ ಇಟ್ಟುಕೊಳ್ಳಿ.

ಹೆಜ್ಜೆ 6: ಟಿವಿ ತಡವರಿಸಿದರೆ

ಟಿವಿಗೆ ಅರ್ಥವಾಗುವ ಫೈಲ್ ಆದರೆ ಸರ್ವರ್ ಅದನ್ನು ಹಾಗೇ ಕಳಿಸುತ್ತದೆ, ಯಂತ್ರಕ್ಕೆ ಶ್ರಮವೇ ಇಲ್ಲ. ಅರ್ಥವಾಗದಿದ್ದರೆ ಅಲ್ಲೇ ಪರಿವರ್ತಿಸಿ ಕಳಿಸಬೇಕು, ಅದಕ್ಕೆ ಟ್ರಾನ್ಸ್‌ಕೋಡ್ ಅಂತಾರೆ. ಹಳೆ ಲ್ಯಾಪ್‌ಟಾಪಿನ ಫ್ಯಾನ್ ಜೋರಾಗಿ ತಿರುಗಿ, ಚಿತ್ರ ನಿಂತು ನಿಂತು ಬರೋದು ಇದರಿಂದ. ಎಚ್‌ಇವಿಸಿ ಅಂದರೆ ವಿಡಿಯೋವನ್ನು ಕಡಿಮೆ ಜಾಗದಲ್ಲಿ ಅಡಕುವ ಹೊಸ ವಿಧಾನ, ಹಳೆಯ ಟಿವಿಗಳಿಗೆ ಅದು ಬರುವುದಿಲ್ಲ, ಹೊಸ ಫೋನುಗಳಲ್ಲಿ ಹಲವು ಎಚ್‌ಇವಿಸಿಯಲ್ಲೇ ವಿಡಿಯೋ ತೆಗೆಯುತ್ತವೆ.

ಇದಕ್ಕೆ ದೊಡ್ಡ ಯಂತ್ರ ಕೊಳ್ಳುವ ಬದಲು ಮನೆಯ ವಿಡಿಯೋಗಳನ್ನು ಒಂದೇ ಸಲ ಹ್ಯಾಂಡ್‌ಬ್ರೇಕ್‌ನಲ್ಲಿ ಎಂಪಿ4, ಎಚ್.264, ಎಎಸಿ ಶಬ್ದಕ್ಕೆ ಬದಲಿಸಿಡಿ. ಫೈಲ್ ದೊಡ್ಡದಾಗುತ್ತದೆ, ಆದರೆ ಹೆಚ್ಚುಕಮ್ಮಿ ಎಲ್ಲ ಟಿವಿಯಲ್ಲೂ ಓಡುತ್ತದೆ. ಮೂಲ ಫೈಲನ್ನು ಮಾತ್ರ ಅಳಿಸಬೇಡಿ, ಪ್ರತಿ ಇಡುವ ಡಿಸ್ಕಿನಲ್ಲಿ ಅದೂ ಇರಲಿ.

ಕನ್ನಡ ಸಬ್‌ಟೈಟಲ್ ಹಾಕುವವರು ಒಂದು ವಿಷಯ ಗಮನಿಸಿ. ಎಸ್‌ಆರ್‌ಟಿ ಬರೀ ಪಠ್ಯ, ಅದನ್ನು ಹೆಚ್ಚಿನ ಆ್ಯಪ್‌ಗಳು ತಾವೇ ತೋರಿಸುತ್ತವೆ. ಪಿಜಿಎಸ್ ಚಿತ್ರರೂಪದ್ದು, ಅದನ್ನು ತೋರಿಸಲಾಗದ ಸಾಧನಕ್ಕೆ ಸರ್ವರ್ ಚಿತ್ರದ ಮೇಲೆ ಅಚ್ಚೊತ್ತಿ ಕಳಿಸಬೇಕು, ಅಂದರೆ ಮತ್ತೆ ಟ್ರಾನ್ಸ್‌ಕೋಡ್. ಸರ್ವರಿನಲ್ಲಿ ಕನ್ನಡ ಫಾಂಟ್ ಇಲ್ಲದಿದ್ದರೆ ಅಕ್ಷರದ ಜಾಗದಲ್ಲಿ ಚೌಕ ಚೌಕ ಕಾಣುತ್ತದೆ. ನೋಟೋ ಸಾನ್ಸ್ ಕನ್ನಡ ಫಾಂಟ್ ಹಾಕಿ, ಜೆಲ್ಲಿಫಿನ್‌ನ ಫಾಲ್‌ಬ್ಯಾಕ್ ಫಾಂಟ್ ಸೆಟ್ಟಿಂಗಿನಲ್ಲಿ ಆ ಫೋಲ್ಡರ್ ತೋರಿಸಿ.

ಹೆಜ್ಜೆ 7: ಹೆಸರು

ಫೈಲಿನ ಹೆಸರು ಕನ್ನಡದಲ್ಲೇ ಇರಲಿ, ಅಮ್ಮನಿಗೆ ಓದಲು ಬರಬೇಕು ಅಲ್ವಾ. ಮುಂದೆ ವರ್ಷ, ತಿಂಗಳು, ದಿನ ಹಾಕಿ: ‘1998-05-10 ಅಕ್ಕನ ಮದುವೆ ಧಾರೆ’. ಹೀಗಿದ್ದರೆ ತಾನೇ ಸಾಲಾಗಿ ನಿಲ್ಲುತ್ತದೆ. ಒಂದು ಮಿತಿ ಗೊತ್ತಿರಲಿ. ಲಿನಕ್ಸಿನ ಇಎಕ್ಸ್‌ಟಿ4ರಲ್ಲಿ ಹೆಸರಿಗೆ 255 ಬೈಟ್ ಜಾಗ. ಇಂಗ್ಲಿಷಿನ ಒಂದಕ್ಷರಕ್ಕೆ ಒಂದು ಬೈಟ್, ಕನ್ನಡದ ಅಕ್ಷರ, ಗುಣಿತ, ಒತ್ತಿನ ಗುರುತು ಪ್ರತಿಯೊಂದಕ್ಕೂ ಮೂರು. ಹಾಗಾಗಿ ಸುಮಾರು 85 ಗುರುತಿಗೆ ಮುಗಿಯಿತು. ವಿಂಡೋಸಿನಲ್ಲಿ ಸರಿಯಾಗಿದ್ದ ಉದ್ದನೆ ಹೆಸರು ಸರ್ವರಿಗೆ ಕಾಪಿ ಆಗದೆ ನಿಂತರೆ ಕಾರಣ ಇದೇ. ಚುಟುಕಾಗಿ ಹೆಸರಿಡಿ. ಯಾರು ಯಾರಿದ್ದಾರೆ, ಎಲ್ಲಿ ನಡೆದದ್ದು ಅನ್ನೋದನ್ನು ಅದೇ ಫೋಲ್ಡರಿನಲ್ಲಿ ಒಂದು ಸಣ್ಣ ಪಠ್ಯ ಫೈಲಿನಲ್ಲಿ ಬರೆದಿಡಿ. ದೊಡ್ಡವರನ್ನು ಕೂರಿಸಿಕೊಂಡು ಕೇಳಿ ಬರೆಯಿರಿ. ಪಂಕ್ತಿಯಲ್ಲಿ ಕೂತಿರುವವರ ಹೆಸರು ಅವರಿಗೆ ಮಾತ್ರ ಗೊತ್ತಿರುತ್ತದೆ.

ಹೆಜ್ಜೆ 8: ಬೆಂಗಳೂರಿನಲ್ಲಿರುವ ತಮ್ಮನಿಗೂ ತೋರಿಸಬೇಕೆಂದರೆ

ರೂಟರಿನಲ್ಲಿ ಪೋರ್ಟ್ ತೆರೆದು ಸರ್ವರನ್ನು ನೇರ ಇಂಟರ್ನೆಟ್ಟಿಗೆ ಬಿಡಬೇಡಿ. ಇಡೀ ಪ್ರಪಂಚದ ಬಾಗಿಲು ತಟ್ಟುವವರೆಲ್ಲ ಬರುತ್ತಾರೆ. ಈಗ ಎಷ್ಟೋ ಬ್ರಾಡ್‌ಬ್ಯಾಂಡ್ ಸಂಪರ್ಕಗಳಲ್ಲಿ ಸಿಜಿನ್ಯಾಟ್ ಇರುತ್ತದೆ, ಅಂದರೆ ಒಂದೇ ಐಪಿ ವಿಳಾಸ ಹಲವು ಮನೆಗೆ, ಅಲ್ಲಿ ಪೋರ್ಟ್ ತೆರೆದರೂ ನಡೆಯುವುದಿಲ್ಲ. ಟೇಲ್‌ಸ್ಕೇಲ್ ಹಾಕಿ. ಅದು ವೈರ್‌ಗಾರ್ಡ್ ಮೇಲೆ ನಿಂತ ಖಾಸಗಿ ಜಾಲ, ಸಿಜಿನ್ಯಾಟ್ ಇದ್ದರೂ ನಡೆಯುತ್ತದೆ, ಮನೆಬಳಕೆಗೆ ಪುಕ್ಕಟೆ. ಯಾರ ಸಾಧನ ಯಾವುದು ಅಂತ ಗುರುತಿಸೋದು ಆ ಕಂಪನಿಯ ಸರ್ವರ್ ಅನ್ನೋದು ಇದರಲ್ಲಿ ಕೊಡಬೇಕಾದ ಬೆಲೆ. ನನಗೆ ಅದು ಒಪ್ಪಿಗೆ. ಜೊತೆಗೆ ನಿಮ್ಮ ಅಪ್‌ಲೋಡ್ ವೇಗ ಎಷ್ಟಿದೆ ನೋಡಿಕೊಳ್ಳಿ, ತಮ್ಮನಿಗೆ ಸಿಗೋದು ಅಷ್ಟೇ.

ಹೆಜ್ಜೆ 9: ಪ್ರತಿ, ಮತ್ತು ಗೋಡೆಯ ಮೇಲಿನ ಹಾಳೆ

ಎರಡು ಡಿಸ್ಕನ್ನು ರೇಡ್‌ನಲ್ಲಿ, ಅಂದರೆ ಒಂದರಲ್ಲಿ ಬರೆದದ್ದು ಆಗಲೇ ಇನ್ನೊಂದರಲ್ಲೂ ಬರೆಯುವ ಹಾಗೆ, ಜೋಡಿಸಿದರೆ ಪ್ರತಿ ಇಟ್ಟ ಹಾಗೆ ಆಗುವುದಿಲ್ಲ. ತಪ್ಪಿ ಅಳಿಸಿದರೆ ಎರಡರಲ್ಲೂ ಅಳಿಯುತ್ತದೆ, ಸಿಡಿಲು ಹೊಡೆದರೆ ಎರಡೂ ಹೋಗುತ್ತವೆ. ಪ್ರತಿ ಇಡುವ ಡಿಸ್ಕ್ ತಂತಿಯಿಂದ ಬೇರೆಯಾಗಿ ಡಬ್ಬಿಯಲ್ಲಿರಬೇಕು. ತಿಂಗಳಿಗೊಮ್ಮೆ ತೆಗೆದು ಹೊಸದನ್ನು ಕಾಪಿ ಮಾಡಿ. ಆಗುವುದಾದರೆ ಮೂರನೇ ಪ್ರತಿಯೊಂದನ್ನು ಹಾಸನದಲ್ಲೋ ಬೆಂಗಳೂರಿನಲ್ಲೋ ಇರುವ ನೆಂಟರ ಮನೆಯಲ್ಲಿಡಿ, ಹಬ್ಬಕ್ಕೆ ಬಂದಾಗ ತರಿಸಿ ಹೊಸದು ಸೇರಿಸಿ ಕಳಿಸಿ.

ಜೆಲ್ಲಿಫಿನ್ ಹೊಸ ಆವೃತ್ತಿ ಬಂದ ದಿನವೇ ಹಾಕಬೇಡಿ. ದೊಡ್ಡ ಆವೃತ್ತಿಗಳು ಒಳಗಿನ ದತ್ತಾಂಶವನ್ನೇ ಬದಲಿಸುತ್ತವೆ, ಹಾಕಿದ ಮೇಲೆ ಹಿಂದಕ್ಕೆ ಬರಲು ಆಗದು. ಕೆಲವು ವಾರ ಕಾದು, ಅದರ ಸೆಟ್ಟಿಂಗ್ ಫೋಲ್ಡರಿನ ಪ್ರತಿ ತೆಗೆದುಕೊಂಡು ಆಮೇಲೆ ಹಾಕಿ.

ಸರ್ವರಿನ ಪಕ್ಕ ಗೋಡೆಗೆ ಒಂದು ಹಾಳೆ ಅಂಟಿಸಿ, ದೊಡ್ಡ ಅಕ್ಷರದಲ್ಲಿ. ಗುಡುಗು ಬಂದರೆ ಯಾವ ಪ್ಲಗ್ ಕೀಳಬೇಕು. ಟಿವಿಯಲ್ಲಿ ಏನೂ ಬರದಿದ್ದರೆ ಯಾವ ಬಟನ್ ಎಷ್ಟು ಹೊತ್ತು ಒತ್ತಬೇಕು. ಅದಕ್ಕೂ ಬರದಿದ್ದರೆ ಡಬ್ಬಿಯಲ್ಲಿರೋ ಡಿಸ್ಕನ್ನು ಟಿವಿಯ ಯಾವ ಕಿಂಡಿಗೆ ಹಾಕಬೇಕು. ಪಾಸ್‌ವರ್ಡ್ ಹಾಳೆಯಲ್ಲಿ ಬೇಡ, ಆರ್‌ಟಿಸಿ, ಬ್ಯಾಂಕ್ ಪುಸ್ತಕ ಇಡುವ ಜಾಗದಲ್ಲಿ ಒಂದು ಲಕೋಟೆಯಲ್ಲಿ ಇರಲಿ.

ಪ್ರತಿ ವರ್ಷ ಮೇ ಕೊನೆಯಲ್ಲಿ, ಮಳೆ ಹಿಡಿಯುವ ಮುಂಚೆ, ಸರ್ವರ್ ಆಫ್ ಮಾಡಿ. ಆ ಹಾಳೆಯನ್ನು ಅಮ್ಮನ ಕೈಗೆ ಕೊಟ್ಟು, ನೀವು ಏನೂ ಹೇಳಿಕೊಡದೆ ಡಿಸ್ಕ್ ಟಿವಿಗೆ ಹಾಕಿ ಒಂದು ವಿಡಿಯೋ ಹಚ್ಚಲು ಹೇಳಿ. ಅವರು ಎಲ್ಲಿ ತಡವರಿಸಿದರೋ ಹಾಳೆಯಲ್ಲಿ ಆ ಸಾಲನ್ನು ತಿದ್ದಿ. ಅಲ್ಲೊಂದು ಇಲ್ಲೊಂದು ಹಳೆ ಫೈಲ್ ತೆರೆದು ಕೊನೆಯವರೆಗೆ ಓಡುತ್ತದಾ ನೋಡಿ. ಓಡದಿದ್ದರೆ ಜೂನ್ ಒಳಗೆ ಹೊಸ ಡಿಸ್ಕ್ ತನ್ನಿ.